'ತಿರುಗು'ವಿನಲ್ಲಿ ಗುರಿಯಿಲ್ಲವೆ? ಕುಂದಾಪ್ರ ಕನ್ನಡದ ಪ್ರಯೋಗಗಳ ಹಿನ್ನೆಲೆಯಲ್ಲಿ ಒಂದು ನಿಘಂಟು ವಿಮರ್ಶೆ

ಇಂಗ್ಲಿಷಿನ 'ವಾಂಡರ್' ಎಂಬ ಕ್ರಿಯಾಪದಕ್ಕೆ ಕನ್ನಡದಲ್ಲಿ ಸಾಮಾನ್ಯವಾಗಿ ಹೇಳುವ ಸಮಾನಪದಗಳು ಮೂರು: ಅಲೆ, ತಿರುಗು, ಸುತ್ತು. ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗಲೂ ಅನುವಾದಕರು ಬಳಸುವುದು ಇದೇ ಸೇತುವೆಯನ್ನು. ಒಂದು ಪದಕ್ಕೆ ಹಲವು ಸಮಾನಪದಗಳನ್ನು ಕೊಡುವುದು ನಿಘಂಟುಕಾರರ ಅನಿವಾರ್ಯತೆ. ಅದರ ಬಗ್ಗೆ ನಮ್ಮ ತಕರಾರಿಲ್ಲ. ತಕರಾರಿರುವುದು ಆ ಸೇತುವೆಯ ಮೇಲೆ ಸದ್ದಿಲ್ಲದೆ ದಾಟಿ ಬರುವ ಒಂದು ಅರ್ಥಾಂಶದ ಬಗ್ಗೆ. 'ವಾಂಡರ್' ಎಂದರೆ ನಿಶ್ಚಿತವಾದ ಗುರಿಯಿಲ್ಲದೆ ಚಲಿಸುವುದು. ಸಮಾನಪದವಾದ ಮಾತ್ರಕ್ಕೆ ಕನ್ನಡದ ಮೂರು ಧಾತುಗಳಿಗೂ ಈ ಗುರಿಹೀನತೆ ಅಂಟಿಕೊಂಡುಬಿಟ್ಟಿದೆ. ಗುರಿಯ ಅಭಾವವು ಈ ಧಾತುಗಳ ಅರ್ಥದೊಳಗೆ ಇಲ್ಲವೆಂಬುದು ನಮ್ಮ ವಾದ. ಅದು ವಿಭಕ್ತಿ, ಪುರುಷ, ನಾಮಪದದ ಗಣನೀಯತೆ ಮತ್ತು ಆಡುವವರ ನಿಲುವು ಇವುಗಳಿಂದ ಕೇಳುಗರು ಮಾಡಿಕೊಳ್ಳುವ ಊಹೆ. ಇದಕ್ಕೆ ಬೇಕಾದ ಆಧಾರ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಮಾತಿನಲ್ಲಿ, ಅಂದರೆ ಕುಂದಾಪ್ರ ಕನ್ನಡದಲ್ಲಿ, ಹೇರಳವಾಗಿ ಸಿಗುತ್ತದೆ.

ಮೊದಲು ವ್ಯುತ್ಪತ್ತಿಯ ಮಾತನ್ನು ಮುಗಿಸಿಬಿಡೋಣ. ಕಿಟೆಲ್ಲರ ನಿಘಂಟು (1894) 'ತಿರುಗು' ಧಾತುವಿನಡಿ ಹೊರಳುವುದು, ಸುತ್ತುವುದು, ಹಿಂದಿರುಗುವುದು, ಅಡ್ಡಾಡುವುದು ಮುಂತಾದ ಅರ್ಥಗಳನ್ನು ಒಂದೇ ನಮೂದಿನಲ್ಲಿ ಇಡುತ್ತದೆ. ಬರೋ ಮತ್ತು ಎಮಿನೊ ಅವರ ದ್ರಾವಿಡ ವ್ಯುತ್ಪತ್ತಿ ನಿಘಂಟು (1961, ಪರಿಷ್ಕೃತ ಆವೃತ್ತಿ 1984) ಇದನ್ನು ತಮಿಳಿನ 'ತಿರಿ'ಯೊಂದಿಗೆ ಕೂಡಿಸುತ್ತದೆ. ಅಲ್ಲಿಯೂ ಹೊರಳು, ಸುತ್ತು, ಅಲೆ ಎಂಬ ಅರ್ಥಗಳು ಒಟ್ಟಿಗೇ ಇವೆ. ಕುತೂಹಲದ ಸಂಗತಿಯೆಂದರೆ ಇಂಗ್ಲಿಷಿನ 'ವಾಂಡರ್' ಕೂಡ 'ಹೊರಳು', 'ಸುತ್ತು' ಎಂಬ ಅರ್ಥದ ಜರ್ಮ್ಯಾನಿಕ್ ಮೂಲದಿಂದಲೇ ಬಂದದ್ದು. 'ವೆಂಡ್', 'ವೈಂಡ್' ಅದರ ದಾಯಾದಿಗಳು. ಮೂಲ ಒಂದೇ ಬಗೆಯದಾದರೂ ಕವಲುಗಳು ಬೇರೆ. ಇಂಗ್ಲಿಷಿನಲ್ಲಿ ಆ ಪದ ದಾರಿ ತಪ್ಪುವುದರ ಕಡೆಗೆ ವಾಲಿತು: ಮನಸ್ಸು, ದೃಷ್ಟಿ, ಮಾತಿನ ವಿಷಯ, ಜ್ವರದಲ್ಲಿ ಬಡಬಡಿಸುವವರ ಬುದ್ಧಿ ಎಲ್ಲವೂ 'ವಾಂಡರ್' ಆಗುತ್ತವೆ, ಮತ್ತು ಎಲ್ಲದರಲ್ಲಿಯೂ ಇರಬೇಕಾದ ಒಂದು ಗೆರೆಯಿಂದ ಸರಿದ ಭಾವವಿದೆ. ಜರ್ಮನ್ನಿನ 'ವಾಂಡರ್ನ್' ಹಾಗಲ್ಲ. ಅದು ಕಾಲ್ನಡಿಗೆಯ ಪಯಣ. ಕಸುಬು ಕಲಿತ ಕುಶಲಕರ್ಮಿ ಊರಿಂದೂರಿಗೆ ಹೋಗಿ ಕೆಲಸ ಮಾಡಬೇಕಾದ ನಿಯತ ವರ್ಷಗಳಿಗೂ ಅದೇ ಧಾತುವಿನಿಂದ ಹೆಸರು ಬಂದಿದೆ. ಕನ್ನಡದ 'ತಿರುಗು' ಈ ಎರಡರಲ್ಲಿ ಯಾವುದಕ್ಕೆ ಹತ್ತಿರವೆಂಬ ಪ್ರಶ್ನೆಯನ್ನು ನಮ್ಮ ದ್ವಿಭಾಷಾ ನಿಘಂಟುಗಳು ಕೇಳಿಕೊಂಡಂತೆ ತೋರುವುದಿಲ್ಲ. ಕೇಳಿಕೊಂಡಿದ್ದರೆ ಯಕ್ಷಗಾನ ಮೇಳದ ಬಾಗಿಲಿಗೆ ಹೋಗಬೇಕಾಗುತ್ತಿತ್ತು.

ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ, ಸಾಲಿಗ್ರಾಮ, ಅಮೃತೇಶ್ವರಿ. ಈ ಸೀಮೆಯ ಬಡಗುತಿಟ್ಟಿನ ಮೇಳಗಳು ದೀಪಾವಳಿಯ ನಂತರ ಹೊರಟು ಮಳೆಗಾಲದ ಹೊಸ್ತಿಲಿನವರೆಗೆ ರಾತ್ರಿಗೊಂದು ಊರಿನಂತೆ ಆಟ ಆಡುತ್ತವೆ. ಇದಕ್ಕೆ 'ತಿರುಗಾಟ' ಎಂದು ಹೆಸರು, ಆಡುಮಾತಿನಲ್ಲಿ 'ತಿರ್ಗಾಟ'. ಇಷ್ಟು ಗುರಿಯುಳ್ಳ ಚಲನೆ ಈ ನಾಡಿನಲ್ಲಿ ಮತ್ತೊಂದಿಲ್ಲವೆಂದರೂ ಸಲ್ಲುತ್ತದೆ. ಹರಕೆ ಆಟಗಳಿಗೆ ವರ್ಷಗಳ ಮೊದಲೇ ದಿನ ಗೊತ್ತಾಗಿರುತ್ತದೆ. ಇಂಥ ರಾತ್ರಿ ಇಂಥ ಮನೆಯ ಗದ್ದೆಯಲ್ಲಿ ಎಂಬುದು ಪಟ್ಟಿಯಲ್ಲಿರುತ್ತದೆ. ದೇವರ ಪೆಟ್ಟಿಗೆ, ಚೌಕಿ, ವೇಷದ ಸಾಮಾನು ಎಲ್ಲವೂ ಆ ಪಟ್ಟಿಗೆ ಸರಿಯಾಗಿ ಸಾಗುತ್ತವೆ. ಆದರೂ ಇದರ ಹೆಸರು 'ಯಾತ್ರೆ'ಯೂ ಅಲ್ಲ, 'ಪ್ರವಾಸ'ವೂ ಅಲ್ಲ, ತಿರುಗಾಟ. ಇದನ್ನು 'ಮೇಳದ ವಾಂಡರಿಂಗ್' ಎಂದು ಅನುವಾದಿಸಿದರೆ ಕಲಾವಿದರು ನಕ್ಕಾರು.

ನಕ್ಕು ಬಿಡುವಷ್ಟೇ ಆಗಿದ್ದರೆ ನಾವೂ ಬಿಡುತ್ತಿದ್ದೆವು. ಆದರೆ ಈ ಪ್ರಯೋಗದ ವ್ಯಾಕರಣ ಗಮನಾರ್ಹವಾದುದು. ಇಲ್ಲಿ 'ತಿರುಗಾಟ' ಗಣನೀಯ ನಾಮಪದ. ಕಲಾವಿದರೊಬ್ಬರ ವೃತ್ತಿಜೀವನವನ್ನು ಅಳೆಯುವುದು ತಿರುಗಾಟಗಳ ಲೆಕ್ಕದಲ್ಲಿ: ಮೊದಲ ತಿರುಗಾಟ ಯಾವ ಮೇಳದಲ್ಲಿ, ಒಂದೇ ಮೇಳದಲ್ಲಿ ಹತ್ತು ತಿರುಗಾಟ, ಒಟ್ಟು ಮೂವತ್ತು ತಿರುಗಾಟ. 'ನಿಮ್ದ್ ಎಷ್ಟ್ ತಿರ್ಗಾಟ ಆಯ್ತ್?' ಎಂಬ ಪ್ರಶ್ನೆಗೆ ಉತ್ತರ ಒಂದು ಸಂಖ್ಯೆ. ಅದೇ ಊರಿನಲ್ಲಿ, ಅದೇ ಬಾಯಲ್ಲಿ, ಕೆಲಸವಿಲ್ಲದ ಯುವಕನ ಬಗ್ಗೆ 'ಅಂವಂದ್ ತಿರ್ಗಾಟ ಜಾಸ್ತಿ ಆಯ್ತ್' ಎಂದಾಗ ನಾಮಪದಕ್ಕೆ ಸಂಖ್ಯೆ ಹತ್ತುವುದಿಲ್ಲ. ಅಲ್ಲಿ ಅದು ಪರಿಮಾಣವಾಚಿ. 'ಅವನದು ಎರಡು ತಿರುಗಾಟ ಆಯಿತು' ಎಂದರೆ ಪೋಲಿ ಅಲೆದ ಅರ್ಥ ಬರುವುದಿಲ್ಲ, ಅವನು ಮೇಳ ಸೇರಿದನೆಂದೇ ಅರ್ಥ. ಎಣಿಸಬಹುದಾದ ತಿರುಗಾಟಕ್ಕೆ ಆದಿ ಅಂತ್ಯಗಳಿವೆ. ಗೆಜ್ಜೆ ಕಟ್ಟುವ ದಿನವಿದೆ, ಬಿಚ್ಚುವ ದಿನವಿದೆ. ಎಣಿಸಲಾಗದ ತಿರುಗಾಟಕ್ಕೆ ಅವಿಲ್ಲ. ಗುರಿಹೀನತೆ ಎಂದು ನಾವು ಗ್ರಹಿಸುವುದು ಬಹುಮಟ್ಟಿಗೆ ಈ ಸೀಮಾರಾಹಿತ್ಯವನ್ನೇ. ಅದು ಧಾತುವಿನಿಂದ ಬಂದದ್ದಲ್ಲ, ನಾಮಪದದ ಬಳಕೆಯಿಂದ ಬಂದದ್ದು.

ಇಲ್ಲಿ ಒಂದು ಆಕ್ಷೇಪ ಸಾಧ್ಯ. ಮೇಳದ 'ತಿರುಗಾಟ' ಒಂದು ಪಾರಿಭಾಷಿಕ ಪದ, ಸಾಮಾನ್ಯ ಧಾತುವಿನ ಅರ್ಥಕ್ಕೆ ಅದು ಸಾಕ್ಷಿಯಾಗಲಾರದು ಎನ್ನಬಹುದು. 'ಆಟ' ಎಂಬ ಉತ್ತರಪದ ಈ ಸೀಮೆಯಲ್ಲಿ ಯಕ್ಷಗಾನ ಪ್ರದರ್ಶನದ ಹೆಸರೂ ಆಗಿರುವುದರಿಂದ 'ತಿರುಗಿ ಆಡುವ ಆಟ' ಎಂಬ ಮರುವಿಶ್ಲೇಷಣೆ ಪದಕ್ಕೆ ಬೆಂಬಲವಾಗಿರಲೂಬಹುದು. ಆದರೆ ಮೇಳವನ್ನು ಬದಿಗಿಟ್ಟರೂ ಸಾಕ್ಷಿ ಕಡಿಮೆಯಾಗುವುದಿಲ್ಲ. ನವರಾತ್ರಿಯ ಹೊತ್ತಿಗೆ ಮಕ್ಕಳನ್ನು ಕಟ್ಟಿಕೊಂಡು ಹೂವಿನಕೋಲಿನ ತಂಡ ಮನೆ ಮನೆ ತಿರುಗುತ್ತದೆ. ಹೋಳಿಯ ದಿನಗಳಲ್ಲಿ ಬಾರ್ಕೂರು, ಮಂದಾರ್ತಿ ಕಡೆಯ ಕುಡುಬಿಯರು ಗುಮಟೆ ಹಿಡಿದು ಮನೆ ಮನೆ ತಿರುಗುತ್ತಾರೆ. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಚಂದಾ ಎತ್ತುವವರೂ 'ಮನಿ ಮನಿ ತಿರ್ಗಿ'ಯೇ ಎತ್ತುತ್ತಾರೆ. ಇಂಗ್ಲಿಷಿನಲ್ಲಿ ಚಂದಾ ವಸೂಲಿಗೆಂದು ಯಾರೂ 'ವಾಂಡರ್' ಆಗುವುದಿಲ್ಲ. ಉದ್ದೇಶವಾಚಕ ವಾಕ್ಯಾಂಶ ಆ ಕ್ರಿಯಾಪದದೊಡನೆ ಜಗಳಕ್ಕೆ ಬೀಳುತ್ತದೆ. ಕನ್ನಡದಲ್ಲಿ 'ವಸೂಲಿಗೆ ತಿರುಗಿದ', 'ಹೆಣ್ಣು ನೋಡಲು ತಿರುಗಿದ', 'ಕೆಲಸ ಹುಡುಕಿಕೊಂಡು ತಿರುಗಿದ' ಇವು ಯಾವ ಕಸಿವಿಸಿಯೂ ಇಲ್ಲದ ವಾಕ್ಯಗಳು. 'ಗುರಿಯಿಲ್ಲದೆ ತಿರುಗಿದ' ಎಂಬಲ್ಲಿಯೂ ಪುನರುಕ್ತಿಯ ಭಾವನೆ ಬರುವುದಿಲ್ಲ. ಇಂಗ್ಲಿಷಿನವರೂ 'ಗುರಿಯಿಲ್ಲದೆ ವಾಂಡರ್' ಎಂದು ಧಾರಾಳವಾಗಿ ಬರೆಯುತ್ತಾರೆಂಬುದನ್ನು ಒಪ್ಪಲೇಬೇಕು. ಆದ್ದರಿಂದ ಪುನರುಕ್ತಿಯ ಪರೀಕ್ಷೆಗಿಂತ ಉದ್ದೇಶವಾಚಕದ ಪರೀಕ್ಷೆಯೇ ಹೆಚ್ಚು ಭರವಸೆಯದು.

ಹಾಗಾದರೆ 'ತಿರುಗು' ಹೇಳುವುದೇನು? ನಮ್ಮ ಅಭಿಪ್ರಾಯದಲ್ಲಿ ಅದು ಹೇಳುವುದು ಚಲನೆಯು ಒಂದಕ್ಕಿಂತ ಹೆಚ್ಚು ಬಿಂದುಗಳ ಮೇಲೆ ಹಂಚಿಹೋಗಿದೆ ಎಂಬುದನ್ನು, ಅಥವಾ ದಾರಿ ತನ್ನ ಮೇಲೆ ತಾನೇ ಮರಳುತ್ತದೆ ಎಂಬುದನ್ನು. ಬಿಂದುಗಳ ಪಟ್ಟಿ ಕೇಳುಗರಿಗೆ ತಿಳಿದಿದ್ದರೆ ಅದು ಮೇಳದ ತಿರುಗಾಟ; ತಿಳಿಯದಿದ್ದರೆ, ಅಥವಾ ಅಂಥ ಪಟ್ಟಿಯೇ ಇಲ್ಲವೆಂದು ಅವರು ತೀರ್ಮಾನಿಸಿದರೆ, ಪೋಲಿ ತಿರುಗಾಟ. 'ತಿರುಗಿ' ಎಂಬ ಕೃದಂತ 'ಮತ್ತೆ', 'ವಾಪಸು' ಎಂಬ ಅವ್ಯಯವಾದದ್ದು ('ತಿರ್ಗಿ ಹೇಳ್', 'ತಿರ್ಗಿ ಬಂದ') ಎರಡನೆಯ ಅಂಶದ ವ್ಯಾಕರಣೀಕರಣ. ದಾರಿ ತಪ್ಪುವ ಧಾತುವಿನಿಂದ 'ವಾಪಸು' ಎಂಬ ಅರ್ಥ ಹುಟ್ಟುವುದು ಕಷ್ಟ. ಹೊರಟಲ್ಲಿಗೇ ಮರಳುವ ಧಾತುವಿನಿಂದ ಸುಲಭ. ಕಾರಂತರ ಕೋಟದ ಕಾದಂಬರಿ 'ಮರಳಿ ಮಣ್ಣಿಗೆ' (1941) ಎಂಬ ಹೆಸರು ಪಡೆದದ್ದು ಇನ್ನೊಂದು ಧಾತುವಿನಿಂದ. ಆದರೆ 'ಮರಳಿ'ಯ ಕಥೆಯೂ 'ತಿರುಗಿ'ಯ ಕಥೆಯಂತೆಯೇ. ತಲೆ ತಿರುಗುವುದು ('ತಲಿ ತಿರ್ಗುತ್ತ್') ಮೂಲದ ಸುತ್ತುವಿಕೆಗೆ ಸೇರಿದ್ದು. ಅದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ.

'ಸುತ್ತು' ಇನ್ನೂ ಸ್ಪಷ್ಟ. ಕುಂದಾಪುರದ ಕಡವಿನಲ್ಲಿ ನಿಂತರೆ ಪಂಚಗಂಗಾವಳಿಯ ಆಚೆ ದಡದಲ್ಲಿ ಗಂಗೊಳ್ಳಿ ಕಣ್ಣಿಗೆ ಕಾಣುತ್ತದೆ. ರಸ್ತೆಯಲ್ಲಿ ಹೋಗುವವರು ಹೆಮ್ಮಾಡಿ, ತ್ರಾಸಿಯ ಮೇಲೆ ಸುತ್ತಿ ಹೋಗಬೇಕು. ಇಲ್ಲಿ ಗುರಿ ಕಣ್ಣೆದುರಿಗೇ ಇದೆ. ಸುತ್ತುವುದು ದಾರಿ ಮಾತ್ರ. 'ದೇಶ ಸುತ್ತು, ಕೋಶ ಓದು' ಎಂಬ ಗಾದೆಯಲ್ಲಿ ಸುತ್ತುವಿಕೆಗೆ ಸಿಕ್ಕ ಗೌರವವನ್ನೂ ನೆನೆಯಬಹುದು. ಟಾಲ್ಮಿ 1985ರಲ್ಲಿ ಚಲನಾ ಕ್ರಿಯಾಪದಗಳನ್ನು ಪಥ ಮತ್ತು ರೀತಿ ಎಂಬ ಅಂಶಗಳ ಮೇಲೆ ವಿಂಗಡಿಸಿದರು. ಲೆವಿನ್ ತಮ್ಮ 1993ರ ವರ್ಗೀಕರಣದಲ್ಲಿ 'ವಾಂಡರ್' ಅನ್ನು ಓಡು, ನಡೆ ಮುಂತಾದ ರೀತಿವಾಚಕಗಳ ಜೊತೆ ಇಟ್ಟರು. ಕನ್ನಡದ ಸಂಶೋಧನ ಪ್ರಬಂಧಗಳು ಅದೇ ಕೋಷ್ಟಕವನ್ನು ಇಳಿಸಿಕೊಂಡು 'ತಿರುಗು', 'ಸುತ್ತು'ಗಳನ್ನು ರೀತಿಯ ಕಾಲಮ್ಮಿನಲ್ಲಿ ತುಂಬಿದರೆ ಅದು ಸರಿಯಾಗದು. ಅವು ಪಥದ ಆಕಾರವನ್ನು ಹೇಳುವ ಧಾತುಗಳು. ಕಾಲಿನ ಗತಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ನಡೆದೂ ತಿರುಗಬಹುದು, ಬಸ್ಸಿನಲ್ಲಿಯೂ ತಿರುಗಬಹುದು. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಡಿ. ಎನ್. ಶಂಕರ ಭಟ್ಟರು ಹೇಳಿದ್ದು ಸಂಸ್ಕೃತದ ಚೌಕಟ್ಟನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟು. ಇಂಗ್ಲಿಷಿನ ಕೋಷ್ಟಕಗಳ ವಿಷಯದಲ್ಲಿಯೂ ಆ ಎಚ್ಚರ ಅಷ್ಟೇ ಬೇಕಾಗಿದೆ.

ಇನ್ನು ನಮ್ಮ ವಾದದಲ್ಲಿ ಹೆಚ್ಚು ಭಾರ ಹೊರುವ ಸಂಗತಿ: ಚತುರ್ಥಿ ವಿಭಕ್ತಿ. ಇಂಗ್ಲಿಷಿನಲ್ಲಿ ಒಬ್ಬಾತ ಅಂಗಡಿಯೊಳಕ್ಕೆ 'ವಾಂಡರ್' ಆಗಬಹುದು. ಅಂದರೆ ಉದ್ದೇಶವಿಲ್ಲದೆ ಬಂದು ಸೇರಬಹುದು. ಕನ್ನಡದಲ್ಲಿ ಸ್ಥಳಕ್ಕೆ ಚತುರ್ಥಿ ಹತ್ತಿದ ಕ್ಷಣವೇ ಅರ್ಥ ಎದುರು ದಿಕ್ಕಿಗೆ ಹೊರಳುತ್ತದೆ. 'ಪೇಟೆಯಲ್ಲಿ ತಿರುಗಿದ' ಎಂಬುದು ಕಾಲಕ್ಷೇಪ. 'ಪೇಟೆಗೆ ತಿರುಗಿ ತಿರುಗಿ ಸಾಕಾಯಿತು' ಎಂಬುದು ಸಂಕಟ. 'ಆಫೀಸಿಗ್ ತಿರ್ಗಿ ತಿರ್ಗಿ ಸಾಕಾಯ್ತ್' ಎನ್ನುವವರಿಗೆ ಗುರಿ ಇಲ್ಲದೆ ಇಲ್ಲ. ಇರುವುದು ಒಂದೇ ಗುರಿ, ಅದೂ ಒಂದೇ ಮೇಜಿನ ಮೇಲೆ. ಕೈಗೂಡದ ಕಾರಣ ಅವರು ಮತ್ತೆ ಮತ್ತೆ ಹೋಗುತ್ತಿದ್ದಾರೆ. 'ಅಲೆ'ಗೂ ಇದೇ ನಿಯಮ: 'ಕಾಡಿನಲ್ಲಿ ಅಲೆದ' ಬೇರೆ, 'ಕಚೇರಿಗೆ ಅಲೆದ' ಬೇರೆ. ಸಪ್ತಮಿಯೊಡನೆ ಬಿಂದುಗಳು ಸ್ಥಳದಲ್ಲಿ ಹಂಚಿಹೋಗುತ್ತವೆ. ಚತುರ್ಥಿಯೊಡನೆ ಸ್ಥಳ ಒಂದೇ ಆಗಿ ಹಂಚಿಕೆ ಕಾಲಕ್ಕೆ ವರ್ಗವಾಗುತ್ತದೆ. ಹಲವು ಊರುಗಳ ಬದಲು ಹಲವು ಸೋಮವಾರಗಳು. ದ್ವಿರುಕ್ತಿ ('ಅಲೆದು ಅಲೆದು') ಈ ಚೌಕಟ್ಟಿನಲ್ಲಿ ಬಹುತೇಕ ಕಡ್ಡಾಯವೆನಿಸುವುದೂ ಇದರಿಂದಲೇ.

ಪ್ರೇರಣಾರ್ಥಕವನ್ನು ನೋಡಿದರೆ ವಿಷಯ ಇನ್ನೂ ನಿಚ್ಚಳ. 'ಜನರನ್ನು ಅಲೆದಾಡಿಸಬೇಡಿ' ಎಂಬ ಎಚ್ಚರಿಕೆ ಅಧಿಕಾರಿಗಳಿಗೆ ಸಭೆಗಳಲ್ಲಿ ಸದಾ ಕೇಳಿಬರುವ ಮಾತು. ಅಲೆದಾಡಿಸುವವನೊಬ್ಬನಿರಬೇಕಾದರೆ ಅಲೆಯುವವನಿಗೆ ಒಂದು ಗುರಿಯಿರಬೇಕು, ಅದಕ್ಕೊಂದು ತಡೆಯಿರಬೇಕು. ಗುರಿಯೇ ಇಲ್ಲದವನನ್ನು ಅಲೆದಾಡಿಸುವುದು ಹೇಗೆ? ಬೈಂದೂರು, ಬ್ರಹ್ಮಾವರಗಳು ಪ್ರತ್ಯೇಕ ತಾಲೂಕುಗಳಾದದ್ದು ಈಚೆಗೆ. ಅದಕ್ಕೆ ಮೊದಲು ಶಿರೂರಿನವರು ತಾಲೂಕು ಕಚೇರಿಯ ಕೆಲಸಕ್ಕೆ ಕುಂದಾಪುರಕ್ಕೆ ಬರಬೇಕಿತ್ತು, ಬ್ರಹ್ಮಾವರದವರು ಉಡುಪಿಗೆ ಹೋಗಬೇಕಿತ್ತು. ಹೊಸ ತಾಲೂಕು ಕೇಳುವ ಯಾವ ಊರಿನ ಮನವಿಯಲ್ಲಿಯೂ 'ಅಲೆದಾಟ ತಪ್ಪಿಸಿ' ಎಂಬುದು ಸಿದ್ಧವಾಕ್ಯ. ಇದನ್ನು 'ವಾಂಡರ್' ಎಂದು ಅನುವಾದಿಸಿದ ವರದಿಯನ್ನು ಕನ್ನಡ ಬಾರದ ಓದುಗನೊಬ್ಬ ಓದುತ್ತಾನೆಂದು ಭಾವಿಸಿ. ಅವನಿಗೆ ಕಾಣುವುದು ಕೆಲಸವಿಲ್ಲದೆ ಕಚೇರಿಯ ಅಂಗಳದಲ್ಲಿ ಅಡ್ಡಾಡುವ ಜನ. ದೂರು ಕೊಟ್ಟವರೇ ದೋಷಿಗಳಾಗಿ ಬದಲಾಗುತ್ತಾರೆ. ಪಹಣಿ, ಪಿಂಚಣಿ, ಪಡಿತರ ಚೀಟಿಗಳ ಬಗ್ಗೆ ಕ್ಷೇತ್ರಕಾರ್ಯ ಮಾಡುವ ಸಮಾಜವಿಜ್ಞಾನಿಗಳ ಸಂದರ್ಶನಗಳೂ ನ್ಯಾಯಾಲಯದ ಹೇಳಿಕೆಗಳೂ ಇಂಗ್ಲಿಷಿಗೆ ಹೋಗುವುದು ಇಂಥ ಸಮಾನಪದಗಳ ಮೂಲಕವೇ ಎಂಬುದನ್ನು ನೆನೆದರೆ ಇದು ಕೇವಲ ಅರ್ಥಚ್ಛಾಯೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ.

'ಅಲೆ'ಗೂ 'ತಿರುಗು'ವಿಗೂ ನಡುವಣ ಭೇದವನ್ನು ಇಲ್ಲಿಯೇ ಗುರುತಿಸಬೇಕು. 'ಮೇಳದ ತಿರುಗಾಟ' ಎಂಬಲ್ಲಿ 'ಮೇಳದ ಅಲೆದಾಟ' ಎಂದು ಬದಲಿಸಿದರೆ ತಕ್ಷಣ ಅದು ಮೇಳದ ಕಷ್ಟದ ಕಥೆಯಾಗುತ್ತದೆ. 'ಅಲೆ'ಯಲ್ಲಿ ಚಲಿಸುವವರಿಗೆ ಚಲನೆಯ ಮೇಲೆ ಹಿಡಿತವಿಲ್ಲ. ನೀರಿನ ಅಲೆಗೆ ಇರುವುದೂ ಇದೇ ಹೆಸರು. 'ತಿರುಗು' ಹಿಡಿತದ ವಿಷಯದಲ್ಲಿ ತಟಸ್ಥ. 'ಸುತ್ತು' ದಾರಿಯ ಆಕಾರಕ್ಕೆ ಬದ್ಧ. ಮೂರನ್ನೂ ಬೇರ್ಪಡಿಸುವ ಗೆರೆಗಳು ಹಿಡಿತ, ಆಕಾರ, ಹಂಚಿಕೆ, ಗುರಿ ಅಲ್ಲ.

ಪುರುಷಭೇದವನ್ನೂ ನಿಘಂಟುಗಳು ಗಮನಿಸಿದಂತಿಲ್ಲ. 'ಅಂವಂದ್ ಬರೀ ಊರ್ ತಿರ್ಗುದೇ ಕೆಲ್ಸ' ಎಂದು ಅನ್ಯರ ಬಗ್ಗೆ ಹೇಳಿದಾಗ ಅದು ನಿಂದೆ. 'ನಾನು ತಿರುಗದ ಊರಿಲ್ಲ' ಎಂದು ಉತ್ತಮ ಪುರುಷದಲ್ಲಿ ಹೇಳಿದಾಗ ಅದು ಅನುಭವದ ಸಾಕ್ಷ್ಯ, ಕೆಲವೊಮ್ಮೆ ಹೆಮ್ಮೆ. ಕರ್ತೃ ಹೆಣ್ಣಾದರೆ ನಿಂದೆ ಇನ್ನೊಂದು ಮೆಟ್ಟಿಲು ಏರುತ್ತದೆ. 'ಊರು ತಿರುಗುವವಳು' ಎಂಬುದು ನಡತೆಯ ಮೇಲಿನ ತೀರ್ಪು. ಧಾತು ಒಂದೇ, ಹೆಜ್ಜೆಗಳೂ ಅವೇ ಇರಬಹುದು. ಬದಲಾದದ್ದು ಯಾರ ಗುರಿಯನ್ನು ಗುರಿಯೆಂದು ಒಪ್ಪಲಾಗುತ್ತದೆ ಎಂಬುದು. ಸ್ಥಾನಮಾನ ಏರಿದಂತೆ ಪದವೇ ಬದಲಾಗುವುದನ್ನೂ ನೋಡಬೇಕು. ಮಠಾಧೀಶರದು ಸಂಚಾರ, ಮಂತ್ರಿಗಳದು ಪ್ರವಾಸ, ವಿದ್ವಾಂಸರದು ದೇಶಾಟನೆ. ಸಂಸ್ಕೃತದ 'ಅಟನ' ಕೂಡ ತಿರುಗುವಿಕೆಯೇ; ಆದರೆ 'ಭಿಕ್ಷಾಟನೆ'ಯಲ್ಲಿ ಅದಕ್ಕೆ ಮರ್ಯಾದೆಯಿದೆ, ಅದೇ ಅರ್ಥದ 'ತಿರುಪೆ'ಗೆ ಇಲ್ಲ. 'ತಿರಿ' ಎಂಬ ಧಾತು ಮನೆಯಿಂದ ಮನೆಗೆ ಹೋಗುವುದರಿಂದ ಬೇಡುವುದಕ್ಕೆ ಸರಿದದ್ದು ಹಂಚಿಕೆಯ ಅರ್ಥದಿಂದಲೇ. ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮಿಗಳು 'ತಿರುಕ' ಎಂಬುದನ್ನೇ ಕಾವ್ಯನಾಮವಾಗಿ ಆರಿಸಿಕೊಂಡು ಈ ಮರ್ಯಾದೆಯ ಲೆಕ್ಕವನ್ನು ತಲೆಕೆಳಗು ಮಾಡಿದರು.

ಸೌಜನ್ಯದ ಒಂದು ಪ್ರಯೋಗವೂ ಇದಕ್ಕೆ ಸೇರುತ್ತದೆ. ಹೊರಟವರನ್ನು 'ಎಲ್ಲಿಗೆ' ಎಂದು ಕೇಳಬಾರದು, ಕೆಲಸ ಕೆಡುತ್ತದೆ ಎಂಬ ನಂಬಿಕೆ ಕನ್ನಡ ನಾಡಿನಲ್ಲಿ ವ್ಯಾಪಕ. 'ದೂರ ಹೊರಟಿರೋ' ಎಂದು ಬಳಸಿ ಕೇಳುವುದು ಕ್ರಮ. ಆದರೂ ಯಾರೋ 'ಹ್ವಾಯ್, ಎಲ್ಲಿಗ್ ಹೊರ್ಟದ್ದ್?' ಎಂದು ಕೇಳಿಬಿಟ್ಟರೆ 'ಇಲ್ಲೇ, ಸುಮ್ನೆ ತಿರ್ಗುಕೆ' ಎಂದು ಉತ್ತರ. ಉತ್ತರ ಕೊಟ್ಟವರು ಬ್ಯಾಂಕಿಗೋ ಮದುವೆ ಮಾತುಕತೆಗೋ ಹೊರಟಿರುವುದು ಕೇಳಿದವರಿಗೂ ಅಂದಾಜಿರುತ್ತದೆ. ಇಲ್ಲಿ 'ತಿರುಗು' ಗುರಿಯ ಅಭಾವವನ್ನು ಹೇಳುತ್ತಿಲ್ಲ, ಗುರಿಯನ್ನು ಮುಚ್ಚಿಡುತ್ತಿದೆ. ಗುರಿಹೀನತೆಯ ಹೊರೆ 'ಸುಮ್ನೆ' ಎಂಬ ಅವ್ಯಯದ ಮೇಲಿದೆಯೇ ಹೊರತು ಧಾತುವಿನ ಮೇಲಿಲ್ಲ ಎಂಬುದೂ ಗಮನಾರ್ಹ.

ಹೀಗಿರುವಾಗ ನಿಘಂಟುಗಳು ಏನು ಮಾಡಬೇಕು? ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಕಾವ್ಯ, ಶಾಸನಗಳ ಪ್ರಯೋಗಗಳ ಮೇಲೆ ನಿಂತದ್ದು. ಅದರ ಶಕ್ತಿಯೂ ಅದೇ, ಮಿತಿಯೂ ಅದೇ. ಪ್ರಾದೇಶಿಕ ನಿಘಂಟುಗಳ ತೊಡಕು ಬೇರೆ ಬಗೆಯದು. ಆ ಸೀಮೆಗಷ್ಟೇ ವಿಶಿಷ್ಟವಾದ ಪದಗಳನ್ನು ಹೆಕ್ಕುವ ಜರಡಿಯಲ್ಲಿ 'ತಿರುಗು'ವಿನಂಥ ಎಲ್ಲರ ಪದ ಸೋರಿಹೋಗುವ ಅಪಾಯವಿದೆ. ಏಕೆಂದರೆ ವೈಶಿಷ್ಟ್ಯ ಇರುವುದು ಪದದಲ್ಲಲ್ಲ, ಅದು ನಿಲ್ಲುವ ಚೌಕಟ್ಟಿನಲ್ಲಿ. ನಮೂದನ್ನು ಸಮಾನಪದಗಳ ಸಾಲಾಗಿಸುವ ಬದಲು ವಿಭಕ್ತಿಯ ಚೌಕಟ್ಟುಗಳ ಮೇಲೆ ಕಟ್ಟಬೇಕು. ಸಪ್ತಮಿಯೊಡನೆ ಒಂದು ವಿವರಣೆ, ಚತುರ್ಥಿಯೊಡನೆ ಇನ್ನೊಂದು, ವಿಭಕ್ತಿಯಿಲ್ಲದ ಕರ್ಮದೊಡನೆ ('ಊರು ತಿರುಗು') ಮತ್ತೊಂದು. ಗಣನೀಯ ಮತ್ತು ಪರಿಮಾಣವಾಚಿ ನಾಮಪದಗಳಿಗೆ ಪ್ರತ್ಯೇಕ ಸಾಲು. ಇಂಗ್ಲಿಷಿನ ಒಂದೇ ಪದ ಸಿಗದಿದ್ದಲ್ಲಿ ವಾಕ್ಯದಲ್ಲಿಯೇ ವಿವರಿಸಿದರೆ ನಷ್ಟವೇನೂ ಇಲ್ಲ.

ಇಂಥ ನಮೂದಿಗೆ ಜೊತೆಯ ಕ್ರಿಯಾಪದಗಳೂ ಬೇಕಾಗುತ್ತವೆ. 'ತಪ್ಪು' ಒಂದನ್ನೇ ತೆಗೆದುಕೊಳ್ಳೋಣ. ತಾಲೂಕು ಕಚೇರಿ ಹತ್ತಿರ ಬಂದಾಗ 'ಅಲೆದಾಟ ತಪ್ಪಿತು' ಎಂಬುದು ನೆಮ್ಮದಿಯ ಮಾತು. 2020ರ ಮಾರ್ಚಿಯಲ್ಲಿ ಲಾಕ್‌ಡೌನ್ ಬಂದು ಮೇಳಗಳ ಆಟ ನಡುವೆಯೇ ನಿಂತಿತು. ಒಂದು ಋತುವಿನ ಲೆಕ್ಕದಲ್ಲಿ ಮೇಳಕ್ಕೆ ಸೇರಿ, ಆ ದುಡಿಮೆಯಲ್ಲಿ ವರ್ಷ ಕಳೆಯಬೇಕಾದ ವೇಷಧಾರಿಯ ಬಾಯಲ್ಲಿ 'ಈ ಸಲದ ತಿರ್ಗಾಟ ತಪ್ಪಿತ್' ಎಂಬುದು ನಷ್ಟದ ಮಾತು.